ಫ್ಯಾಕ್ಟರಿಯಲ್ಲಿ ಮಾಡಿದ ಮನೆ 30×40 ಸೈಟಿಗೆ ಹೊಂದುತ್ತಾ?

ಪ್ರಶ್ನೆ: ಬನಶಂಕರಿ 6ನೇ ಹಂತದಲ್ಲಿ ನಮ್ಮದೊಂದು 30×40 ಸೈಟ್ ಇದೆ. ಮುಂದೆ 30 ಅಡಿ ರಸ್ತೆ. ಈಗ ವಿಜಯನಗರದಲ್ಲಿ 25 ಸಾವಿರ ಬಾಡಿಗೆ ಕೊಟ್ಟುಕೊಂಡು ಇದ್ದೇವೆ. ನೆಲಮಹಡಿ ಮತ್ತು ಮೇಲೊಂದು ಮಹಡಿ ಕಟ್ಟಿಸುವ ಯೋಚನೆ. ಮಾಡ್ಯುಲರ್ ಮನೆ ಮಾಡಿಸಿದರೆ ನಾಲ್ಕೇ ತಿಂಗಳಲ್ಲಿ ಗೃಹಪ್ರವೇಶ ಅಂತ ಭಾವ ಹೇಳುತ್ತಾರೆ. ಅಪ್ಪ ಮಾತ್ರ ‘ಡಬ್ಬದ ಮನೆ ಬೇಡ, ಗಟ್ಟಿ ಮನೆ ಕಟ್ಟಿಸು’ ಅನ್ನುತ್ತಾರೆ. ಸೈಟಿನಲ್ಲೇ ಕಟ್ಟುವ ಮನೆಗಿಂತ ಇದರಲ್ಲಿ ನಿಜವಾದ ಲಾಭ ಏನು? ಬಾಳಿಕೆ ಬರುತ್ತಾ? ಬ್ಯಾಂಕಿನವರು ಸಾಲ ಕೊಡುತ್ತಾರಾ?

ಉತ್ತರ: ಲಾಭ ಇದೆ. ಆದರೆ ಮಾರಾಟದವರು ಮೊದಲು ಹೇಳುವ ಲಾಭ ಒಂದು, ನಿಮ್ಮ ಕೈಗೆ ಸಿಗುವುದು ಇನ್ನೊಂದು. ದುಡ್ಡು ಉಳಿಯುತ್ತದೆ ಅಂತ ಈ ದಾರಿ ಹಿಡಿದರೆ ಬೇಜಾರಾಗುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಅಳತೆ ಅಚ್ಚುಕಟ್ಟಾಗಿರುತ್ತದೆ, ನೀರು ಕಡಿಮೆ ಸಾಕು, ಮನೆಯ ಭಾರ ಇಳಿಯುತ್ತದೆ. ಇವು ನಿಜ. ಇವೂ ತಾವಾಗಿ ಬರುವುದಿಲ್ಲ. ಸ್ವಿಚ್ ಬೋರ್ಡ್ ಎಲ್ಲಿ, ಗೀಸರ್ ಎಲ್ಲಿ, ದೇವರ ಮನೆಯ ಬಾಗಿಲು ಯಾವ ಕಡೆಗೆ ಅನ್ನುವುದನ್ನೆಲ್ಲ ಕೆಲಸ ಶುರುವಾಗುವ ಮುಂಚೆಯೇ ಮನೆಮಂದಿ ಕೂತು ತೀರ್ಮಾನ ಮಾಡಿರಬೇಕು. ಅಷ್ಟು ಮಾಡಬಲ್ಲ ಕುಟುಂಬಕ್ಕೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ. ಆಗದವರಿಗೆ ಮೇಸ್ತ್ರಿ ಕಟ್ಟುವ ಮನೆಯೇ ಒಳ್ಳೆಯದು.

ಬೆಂಗಳೂರಿನಲ್ಲಿ ಮಾಡ್ಯುಲರ್ ಅಂತ ಮಾರುವುದರಲ್ಲಿ ಮೂರು ಬೇರೆ ಬೇರೆ ಬಗೆಗಳಿವೆ. ಹಡಗಿನ ಕಂಟೇನರ್, ಅಥವಾ ಅದೇ ಆಕಾರದ ಕ್ಯಾಬಿನ್ ಒಂದು. ಕೋಣೆಯನ್ನು ಇಡಿಯಾಗಿ ಫ್ಯಾಕ್ಟರಿಯಲ್ಲೇ ಮುಗಿಸಿ, ಲಾರಿಯಲ್ಲಿ ತಂದು ಕ್ರೇನಿನಿಂದ ಇಳಿಸುವ ಬಾಕ್ಸ್ ಇನ್ನೊಂದು. ಗೋಡೆ, ಮಹಡಿ, ಚಾವಣಿಗಳನ್ನು ಬಿಡಿಬಿಡಿಯಾಗಿ ಮಾಡಿ ತಂದು ಸೈಟಿನಲ್ಲಿ ಜೋಡಿಸುವುದು ಮೂರನೆಯದು. ಈ ಮೂರನೆಯದರಲ್ಲೇ ಕಾಂಕ್ರೀಟನ್ನು ಮೊದಲೇ ಅಚ್ಚಿನಲ್ಲಿ ಹೊಯ್ದು ಮಾಡಿದ ಪ್ರೀಕಾಸ್ಟ್ ಕೂಡ ಬರುತ್ತದೆ, ತೆಳು ಸ್ಟೀಲಿನ ಚೌಕಟ್ಟು ಕೂಡ ಬರುತ್ತದೆ. ಸ್ಟೀಲಿನದಕ್ಕೆ ಲೈಟ್ ಗೇಜ್ ಸ್ಟೀಲ್ ಅನ್ನುತ್ತಾರೆ.

ನಿಮ್ಮ ತಂದೆಯವರ ಅನುಮಾನ ಮೊದಲನೆಯದರ ಮಟ್ಟಿಗೆ ಸರಿಯಾಗಿದೆ. ಕಂಟೇನರಿನ ಹೊರ ಅಗಲ 8 ಅಡಿ. ಒಳಗೆ ಸಿಗುವುದು 7 ಅಡಿ 8 ಇಂಚಿನಷ್ಟು. ಬಿಸಿಲು ತಡೆಯಲು ಎರಡೂ ಕಡೆ ರಾಕ್‌ವೂಲ್ (ಕಲ್ಲಿನ ಎಳೆಗಳ ಉಣ್ಣೆಯಂಥ ಹಾಸು), ಬೋರ್ಡ್ ಹೊಡೆದರೆ 7 ಅಡಿ ಚಿಲ್ಲರೆಗೆ ಇಳಿಯುತ್ತದೆ. 6 ಅಡಿಯ ಡಬಲ್ ಕಾಟ್ ಹಾಕಿದರೆ ಪಕ್ಕದಲ್ಲಿ ಓಡಾಡಲು ಉಳಿಯುವುದು ಒಂದಡಿ. ತೋಟದಲ್ಲಿ ವಾರಕ್ಕೊಮ್ಮೆ ಹೋಗಿ ಇರುವುದಕ್ಕೆ, ಸೈಟ್ ಆಫೀಸಿಗೆ ಅದು ಸಾಕು. ಸಂಸಾರ ಹೂಡುವುದಕ್ಕೆ ಸಾಲದು. ಉಳಿದ ಎರಡನ್ನು ಡಬ್ಬ ಅನ್ನುವ ಹಾಗಿಲ್ಲ.

ಇದು ಹೊಸ ಪ್ರಯೋಗವೂ ಅಲ್ಲ. ದೇಶ ವಿಭಜನೆ ಆದಾಗ ಬಂದ ನಿರಾಶ್ರಿತರಿಗೆ ಮನೆ ಮಾಡಿಕೊಡಲು ಕೇಂದ್ರ ಸರ್ಕಾರ 1948ರಲ್ಲೇ ದೆಹಲಿಯಲ್ಲಿ ಒಂದು ಮನೆ ಕಾರ್ಖಾನೆ ಹಾಕಿತ್ತು. ಈಚೆಗೆ, 2021ರ ಜನವರಿಯಲ್ಲಿ, ಲೈಟ್ ಹೌಸ್ ಯೋಜನೆ ಅಂತ ಆರು ಊರುಗಳಲ್ಲಿ ಆರು ಬೇರೆ ಪದ್ಧತಿಗಳಲ್ಲಿ ಮನೆ ಕಟ್ಟಲು ಶುರು ಮಾಡಿದರು. ರಾಂಚಿಯಲ್ಲಿ ಕಾಂಕ್ರೀಟ್ ಬಾಕ್ಸ್, ಚೆನ್ನೈಯಲ್ಲಿ ಪ್ರೀಕಾಸ್ಟ್ ತುಂಡುಗಳು, ಅಗರ್ತಲಾದಲ್ಲಿ ಲೈಟ್ ಗೇಜ್ ಸ್ಟೀಲ್. ಚೆನ್ನೈಯ 1,152 ಮನೆಗಳ ಉದ್ಘಾಟನೆ 2022ರ ಮೇ ತಿಂಗಳಲ್ಲಿ ಆಯಿತು. ನಮ್ಮ ಹಲಸೂರು ಕೇಂಬ್ರಿಡ್ಜ್ ಲೇಔಟಿನ 3ಡಿ ಪ್ರಿಂಟ್ ಅಂಚೆ ಕಚೇರಿಯನ್ನೂ ಜನ ಇದೇ ಸಾಲಿಗೆ ಸೇರಿಸುತ್ತಾರೆ. 2023ರಲ್ಲಿ ಉದ್ಘಾಟನೆಯಾದ ಆ 1,021 ಚದರಡಿ ಕಟ್ಟಡವನ್ನು ಯಂತ್ರ ಸೈಟಿನಲ್ಲೇ ನಿಂತು ಪದರ ಪದರವಾಗಿ ಕಾಂಕ್ರೀಟ್ ಸುರಿದು ಕಟ್ಟಿದ್ದು. ಅದರ ಲೆಕ್ಕವೇ ಬೇರೆ.

ಇನ್ನು ನಿಮ್ಮ ಸೈಟಿಗೆ ಬರೋಣ. ಇಂಥ ಪ್ರಶ್ನೆ ಬಂದಾಗ ನಾನು ಪ್ಲಾನಿಗಿಂತ ಮೊದಲು ರಸ್ತೆ ನೋಡುತ್ತೇನೆ. ವಾಹನ ನಿಯಮದ ಪ್ರಕಾರ ಲಾರಿಯ ಅಗಲ 2.6 ಮೀಟರ್ ದಾಟುವ ಹಾಗಿಲ್ಲ, ಅಂದರೆ ಎಂಟೂವರೆ ಅಡಿ. ಅದಕ್ಕಿಂತ ಅಗಲವಾದ ಲೋಡಿಗೆ ಬೇರೆ ಅನುಮತಿ ಬೇಕು. ಹಾಗಾಗಿ ಬಾಕ್ಸ್ ಪದ್ಧತಿಯಲ್ಲಿ ಕೋಣೆ ಎಂಟೂವರೆ ಅಡಿಗೆ ಕಟ್ಟುಬೀಳುತ್ತದೆ. ಇಲ್ಲವೇ ಒಂದೇ ಕೋಣೆಯನ್ನು ಎರಡು ತುಂಡಾಗಿ ತಂದು ಮಧ್ಯೆ ಜಾಯಿಂಟ್ ಕೊಡಬೇಕು. ನಗರದೊಳಗೆ ಭಾರಿ ಲಾರಿಗಳಿಗೆ ಹಗಲು ಹೊತ್ತು ನಿರ್ಬಂಧ ಇರುವುದರಿಂದ ಅವು ರಾತ್ರಿ ಬರಬೇಕು. ಕ್ರೇನ್ ನಾಲ್ಕೂ ಕಾಲು ಚಾಚಿ ನಿಂತರೆ 30 ಅಡಿ ರಸ್ತೆ ಪೂರ್ತಿ ಬಂದ್. ಮೇಲೆ ಬೆಸ್ಕಾಂ ಲೈನು, ಅದರ ಕೆಳಗೆ ಕೇಬಲ್ ಮತ್ತು ಇಂಟರ್ನೆಟ್ ವೈರುಗಳ ಗೋಜಲು, ಕ್ರಾಸ್ ತಿರುವಿನಲ್ಲಿ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಒಂದು ಹೊಂಗೆ ಮರ. ನಿಮ್ಮ ಕಡೆ ಇನ್ನೂ ಖಾಲಿ ಸೈಟುಗಳು ಜಾಸ್ತಿ ಇರುವುದರಿಂದ ಹೇಗೋ ಮಾಡಬಹುದು. ಹನುಮಂತನಗರ, ಶ್ರೀನಗರದ ಅಡ್ಡರಸ್ತೆಗಳಲ್ಲಿ ಯಾರಾದರೂ ಬಾಕ್ಸ್ ಮನೆ ಕೇಳಿದರೆ ನಾನು ನೇರವಾಗಿ ಬೇಡ ಅನ್ನುತ್ತೇನೆ.

ಸ್ಟೀಲ್ ಚೌಕಟ್ಟಿನ ಪದ್ಧತಿಗೆ ಈ ಯಾವ ತಾಪತ್ರಯವೂ ಇಲ್ಲ. ಚಿಕ್ಕ ಗೂಡ್ಸ್ ಗಾಡಿ ಸಾಕು. ಹತ್ತಡಿ ಗೋಡೆಯ ಸ್ಟೀಲ್ ಚೌಕಟ್ಟನ್ನು ನಾಲ್ಕು ಜನ ಕೈಯಲ್ಲೇ ಎತ್ತಿ ನಿಲ್ಲಿಸುತ್ತಾರೆ. ಆದ್ದರಿಂದ ನಿಮಗೆ ನನ್ನ ಸಲಹೆ ಲೈಟ್ ಗೇಜ್ ಸ್ಟೀಲ್. ಇಲ್ಲಿಂದ ಮುಂದೆ ಹೇಳುವುದೆಲ್ಲ ಅದರ ಬಗ್ಗೆಯೇ.

ಇದರಲ್ಲಿ ಸಮಯ ಹೇಗೆ ಉಳಿಯುತ್ತದೆ ಅನ್ನುವುದು ಗೊತ್ತಿರಲಿ, ಆಗ ಎಷ್ಟು ಉಳಿಯುತ್ತದೆ ಅಂತ ನೀವೇ ಅಂದಾಜು ಮಾಡಬಹುದು. ಸೈಟಿನಲ್ಲಿ ಕಟ್ಟುವಾಗ ಎಲ್ಲ ಕೆಲಸವೂ ಒಂದರ ಹಿಂದೆ ಒಂದು. ಪಾಯ ಮುಗಿಯದೆ ಗೋಡೆ ಇಲ್ಲ. ಗೋಡೆ ಏರದೆ ಲಿಂಟಲ್ ಇಲ್ಲ. ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟ್, ಹಾಕಿದ ಮೇಲಂತೂ ಕಾಯುವುದೇ ಕೆಲಸ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ, ಸಾದಾ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಮನೆಗಳಿಗೆ ಹೆಚ್ಚಾಗಿ ಬಳಸುವ, ಹಾರುಬೂದಿ ಬೆರೆತ ಪಿಪಿಸಿಗೆ ಕನಿಷ್ಠ 10 ದಿನ ನೀರು ಕಟ್ಟಬೇಕು. ಇದಕ್ಕೇ ಕ್ಯೂರಿಂಗ್ ಅನ್ನುವುದು. ಆಸರೆ ಕಂಬಗಳನ್ನು ನಾಲ್ಕೂವರೆ ಮೀಟರ್ ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ, 6 ಮೀಟರ್ ವರೆಗಿನ ಬೀಮಿಗೆ 14 ದಿನ ತೆಗೆಯುವ ಹಾಗಿಲ್ಲ. ಅನುಭವಸ್ಥ ಮೇಸ್ತ್ರಿಗಳು ಇನ್ನೂ ಒಂದು ವಾರ ಜಾಸ್ತಿಯೇ ಬಿಡುತ್ತಾರೆ. ಅದು ಸರಿಯಾದ ಅಭ್ಯಾಸ. ಅಷ್ಟು ದಿನ ಒಳಗೆಲ್ಲ ಸೆಂಟ್ರಿಂಗ್ ಕಂಬಗಳ ಕಾಡು. ಒಳಗೆ ಬೇರೆ ಯಾವ ಕೆಲಸವೂ ಸಾಗುವುದಿಲ್ಲ.

ಇದರ ಮೇಲೆ ಬೆಂಗಳೂರಿನ ಮಳೆ. ಮೋಲ್ಡಿಗೆ ದಿನ ಗೊತ್ತು ಮಾಡಿ, ಮಿಕ್ಸರ್ ಲಿಫ್ಟ್ ತರಿಸಿ, ಬೆಳಿಗ್ಗೆ ಆರಕ್ಕೆ ಜನ ಬಂದು ಪೂಜೆ ಮುಗಿಸಿದ ಮೇಲೆ ಮೋಡ ಕವಿಯುವ ಸೆಪ್ಟೆಂಬರ್, ಅಕ್ಟೋಬರ್ ನಮ್ಮವು. ಮಧ್ಯಾಹ್ನ ಮೂರಕ್ಕೆ ಜೋರು ಮಳೆ ಹೊಡೆದರೆ ಅರ್ಧ ಹಾಕಿದ ಸ್ಲ್ಯಾಬಿನ ಮೇಲೆ ಟಾರ್ಪಾಲು ಎಳೆದುಕೊಂಡು ನಿಲ್ಲಬೇಕು. ಸಿಮೆಂಟಿನ ಹಾಲು ಹರಿದು ಹೋದ ಜಾಗದಲ್ಲಿ ಆಮೇಲೆ ನೀರು ಜಿನುಗುತ್ತದೆ. ನಿಲ್ಲಿಸಿದ ಗೆರೆಯಲ್ಲಿ ಹಳೆ ಕಾಂಕ್ರೀಟಿಗೂ ಹೊಸದಕ್ಕೂ ಸರಿಯಾದ ಬೆಸುಗೆ ಇರುವುದಿಲ್ಲ. ಇದರ ಜೊತೆಗೆ ಯುಗಾದಿ, ದೀಪಾವಳಿ, ಬಿತ್ತನೆ ಅಂತ ಕೆಲಸದವರು ಊರಿಗೆ ಹೋಗುತ್ತಾರೆ. ರಾಯಚೂರು, ಯಾದಗಿರಿಯಿಂದ ಬಂದ ಜನ ಹೊಲದ ಕೆಲಸ ಬಿಟ್ಟು ನಮ್ಮ ಮನೆ ಕಟ್ಟಲಿ ಅಂತ ಕಾಯುವುದು ನ್ಯಾಯವೂ ಅಲ್ಲ. ಹೀಗೆಲ್ಲ ಕೂಡಿ 30×40ರಲ್ಲಿ ಎರಡು ಮಹಡಿಗೆ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ತಿಂಗಳು ಹಿಡಿಯುತ್ತದೆ.

ಫ್ಯಾಕ್ಟರಿ ಪದ್ಧತಿಯಲ್ಲಿ ಎರಡು ಕಡೆ ಒಟ್ಟಿಗೆ ಕೆಲಸ ನಡೆಯುತ್ತದೆ. ಸೈಟಿನಲ್ಲಿ ಪಾಯ ತೆಗೆದು, ಸಂಪ್ ಕಟ್ಟಿ, ಪ್ಲಿಂತ್, ಅಂದರೆ ಮನೆಯ ನೆಲಗಟ್ಟಿನ ಮಟ್ಟಕ್ಕೆ ಬರುವಷ್ಟರಲ್ಲಿ ಅಲ್ಲಿ ಎರಡೂ ಮಹಡಿಯ ಚೌಕಟ್ಟು ಸಿದ್ಧವಾಗಿರುತ್ತದೆ. ಒಂದು ಮಹಡಿಯ ಚೌಕಟ್ಟು ಒಂದು ವಾರ, ಹತ್ತು ದಿನದಲ್ಲಿ ನಿಲ್ಲುತ್ತದೆ. ಆದರೆ ಟೈಲ್ಸ್, ಪ್ಲಂಬಿಂಗ್, ಬಣ್ಣ, ಮರಗೆಲಸಕ್ಕೆ ಇಲ್ಲೂ ಅಷ್ಟೇ ದಿನ ಬೇಕು. ನಿಮ್ಮ ಭಾವ ಹೇಳಿದ ನಾಲ್ಕು ತಿಂಗಳು ಪ್ಲಿಂತ್ ಮುಗಿದ ಮೇಲಿನ ಲೆಕ್ಕ ಇರಬೇಕು. ಗುದ್ದಲಿ ಪೂಜೆಯಿಂದ ಗೃಹಪ್ರವೇಶಕ್ಕೆ ಆರು ತಿಂಗಳು ಇಟ್ಟುಕೊಳ್ಳಿ. ನಾಲ್ಕೇ ತಿಂಗಳು ಉಳಿದರೂ ನಿಮಗೆ ಬಾಡಿಗೆಯಲ್ಲೇ 1,00,000 ರೂಪಾಯಿ ಉಳಿತಾಯ. ಸಾಲ ತೆಗೆದಿದ್ದರೆ ಅಷ್ಟು ತಿಂಗಳು ಬಾಡಿಗೆ ಮತ್ತು ಬಡ್ಡಿ ಎರಡೂ ಒಟ್ಟಿಗೆ ಕಟ್ಟುವುದು ತಪ್ಪುತ್ತದೆ. ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮಾತಲ್ಲ.

ನೀರಿನ ಮಾತು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವ ಹಾಗಿಲ್ಲ, ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಬಂತು. ಹಾಗಂತ ಬೇಸಿಗೆಯಲ್ಲಿ ಗೋಡೆಗೆ, ಪ್ಲಾಸ್ಟರಿಗೆ, ಸ್ಲ್ಯಾಬಿಗೆ ದಿನಾ ಎರಡು ಹೊತ್ತು ಪೈಪು ಹಿಡಿಯುವಷ್ಟು ನೀರು ಎಲ್ಲ ಲೇಔಟಿನಲ್ಲೂ ಇಲ್ಲ. ಟ್ಯಾಂಕರಿಗೆ ಕಾಯುತ್ತಾ ಕ್ಯೂರಿಂಗ್ ತಪ್ಪಿಸಿದ ಗೋಡೆಯಲ್ಲಿ ಆಮೇಲೆ ಕೂದಲೆಳೆ ಬಿರುಕು ಮೂಡುತ್ತದೆ. ಅದನ್ನು ಪುಟ್ಟಿ ತುಂಬಿ ಮುಚ್ಚುತ್ತಾರೆ. ಸ್ಟೀಲ್ ಚೌಕಟ್ಟಿನ ಮನೆಯಲ್ಲಿ ಪಾಯ, ಪ್ಲಿಂತ್ ಮತ್ತು ಮಹಡಿಯ ತೆಳು ಕಾಂಕ್ರೀಟ್ ಬಿಟ್ಟರೆ ನೀರು ಕಟ್ಟುವ ಕೆಲಸವೇ ಇಲ್ಲ. ಜೊತೆಗೆ ಎಂ ಸ್ಯಾಂಡ್ ರಾಶಿ, ಜಲ್ಲಿ, ಒಡೆದ ಬ್ಲಾಕ್ ರಸ್ತೆಯಲ್ಲಿ ಬೀಳುವುದೂ ಕಡಿಮೆ. ಅಕ್ಕಪಕ್ಕದವರಿಗೆ ವರ್ಷವಿಡೀ ಧೂಳು ಕುಡಿಸುವುದು ತಪ್ಪುತ್ತದೆ. ಆ ಮನೆಗಳಲ್ಲೂ ವಯಸ್ಸಾದವರು, ದಮ್ಮು ಇರುವ ಮಕ್ಕಳು ಇರುತ್ತಾರೆ ಅಲ್ವಾ.

ಈಗ ಅಳತೆಯ ವಿಷಯ. ನಾನು ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಲೈಟ್ ಗೇಜ್ ಸ್ಟೀಲ್ ತಯಾರಾಗುವುದನ್ನು ಒಮ್ಮೆ ಹೋಗಿ ನೋಡಿ. ಯಂತ್ರದ ಒಂದು ಕಡೆ ಜಿಂಕ್ ಲೇಪನದ ತಗಡಿನ ಸುರುಳಿ ಇರುತ್ತದೆ. ದಪ್ಪ ಸುಮಾರು ಒಂದು ಮಿಲಿಮೀಟರ್. ಇನ್ನೊಂದು ಕಡೆಯಿಂದ ಮಡಚಿದ ಪಟ್ಟಿ ಹೊರಗೆ ಬರುತ್ತದೆ. ಸ್ಕ್ರೂಗೆ ಬೇಕಾದ ತೂತು, ವೈರ್ ಪೈಪಿಗೆ ಬೇಕಾದ ತೂತು ಎಲ್ಲ ಯಂತ್ರವೇ ಹೊಡೆದಿರುತ್ತದೆ. ಪ್ರತಿ ಪಟ್ಟಿಯ ಮೇಲೂ ಅದು ಯಾವ ಗೋಡೆಯದು, ಎಷ್ಟನೆಯದು ಅಂತ ಮಸಿಯಲ್ಲಿ ಅಚ್ಚಾಗಿರುತ್ತದೆ. ಇಬ್ಬರು ಅದನ್ನು ಮೇಜಿನ ಮೇಲೆ ಜೋಡಿಸಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯುತ್ತಾರೆ. ಎರಡೂ ಕರ್ಣ ಒಂದೇ ಅಳತೆ ಬಂದರೆ ಗೋಡೆ ಲಂಬಕೋನದಲ್ಲಿದೆ ಅಂತ ಅರ್ಥ. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಸ್ಕ್ರೂ ಬಿಚ್ಚಿ ಸರಿ ಮಾಡುತ್ತಾರೆ. ಹೀಗಾಗಿ ಕಿಟಕಿ, ಬಾಗಿಲು, ಅಡುಗೆಮನೆ ಕ್ಯಾಬಿನೆಟ್ ಎಲ್ಲ ಮೊದಲೇ ಆರ್ಡರ್ ಮಾಡಬಹುದು. ಬಂದಾಗ ಕೂರುತ್ತವೆ. ಎಲೆಕ್ಟ್ರಿಷಿಯನ್ ಹೊಸ ಗೋಡೆಯನ್ನು ಕಟರ್ ಹಿಡಿದು ಸೀಳುವುದಿಲ್ಲ.

ಆದರೆ ಈ ಮಿಲಿಮೀಟರ್ ಲೆಕ್ಕದ ಚೌಕಟ್ಟು ಹೋಗಿ ಕೂರುವುದು ಮೇಸ್ತ್ರಿ ಕಟ್ಟಿದ ಪ್ಲಿಂತಿನ ಮೇಲೆ. ತಂಟೆ ಶುರುವಾಗುವುದು ಅಲ್ಲೇ. ನಮ್ಮ ಕಡೆ ಪ್ಲಿಂತ್ ಬೀಮಿನ ಮಟ್ಟ ಅರ್ಧ ಇಂಚು ಏರುಪೇರಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬ್ಲಾಕ್ ಗೋಡೆಯಾದರೆ ಕೆಳಗಿನ ಗಾರೆ ದಪ್ಪ ಮಾಡಿ ಹೊಂದಿಸುತ್ತಾರೆ. ಸ್ಟೀಲ್ ಚೌಕಟ್ಟು ಹಾಗೆ ಬಗ್ಗುವುದಿಲ್ಲ. ಅರ್ಧ ಇಂಚು ಸಂದು ಬಿಟ್ಟರೆ ಗೋಡೆಯ ಭಾರ ಕೆಲವೇ ಜಾಗದಲ್ಲಿ ಕೂರುತ್ತದೆ, ಮೇಲೆ ಬಾಗಿಲು ಹಿಡಿಯಲು ಶುರುವಾಗುತ್ತದೆ. ಚೌಕಟ್ಟನ್ನು ಪ್ಲಿಂತಿಗೆ ಬಿಗಿಯುವ ಆಂಕರ್ ಬೋಲ್ಟ್ ಒಂದು ಇಂಚು ಆಚೀಚೆ ಇದ್ದರೂ ಚೌಕಟ್ಟಿನ ತೂತಿಗೆ ಹೊಂದುವುದಿಲ್ಲ. ಆಗ ಪಾಯದ ಕಾಂಟ್ರಾಕ್ಟರ್ ಫ್ಯಾಕ್ಟರಿಯವರ ಮೇಲೆ, ಫ್ಯಾಕ್ಟರಿಯವರು ಕಾಂಟ್ರಾಕ್ಟರ್ ಮೇಲೆ ಹೇಳಿಕೊಂಡು ಕೂರುತ್ತಾರೆ. ಮಧ್ಯೆ ಸಿಕ್ಕಿಕೊಳ್ಳುವುದು ನೀವು. ಆದ್ದರಿಂದ ಪಾಯದಿಂದ ಬಣ್ಣದವರೆಗೆ ಜವಾಬ್ದಾರಿ ಒಬ್ಬರದೇ ಇರಲಿ. ಆಗಲ್ಲ ಅಂದರೆ, ಪ್ಲಿಂತ್ ಮುಗಿದ ದಿನ ಫ್ಯಾಕ್ಟರಿಯವರೇ ಬಂದು ಲೆವೆಲ್ ನೋಡಿ, ಸರಿಯಿದೆ ಅಂತ ಬರೆದು ಸಹಿ ಹಾಕಿದ ಮೇಲೆ ಚೌಕಟ್ಟು ಲೋಡ್ ಮಾಡಲಿ.

ಭಾರದ ವ್ಯತ್ಯಾಸ ಎಷ್ಟು ಅಂತ ನೋಡಿ. ಒಂದಡಿ ಉದ್ದ, ಹತ್ತಡಿ ಎತ್ತರದ ಆರಿಂಚು ಸಾಲಿಡ್ ಬ್ಲಾಕ್ ಗೋಡೆ ಪ್ಲಾಸ್ಟರ್ ಸೇರಿ 300 ಕೆಜಿ ದಾಟುತ್ತದೆ. ಅದೇ ಅಳತೆಯ ಸ್ಟೀಲ್ ಚೌಕಟ್ಟು, ಎರಡೂ ಕಡೆ ಬೋರ್ಡು, ಮಧ್ಯೆ ರಾಕ್‌ವೂಲ್ ತುಂಬಿದ ಗೋಡೆ 50–60 ಕೆಜಿ. ಗಟ್ಟಿ ಕೆಂಪು ಮಣ್ಣಿನ ಸೈಟಿನಲ್ಲಿ ಇದರಿಂದ ಪಾಯದ ಖರ್ಚು ಸ್ವಲ್ಪ ಇಳಿಯುತ್ತದೆ ಅಷ್ಟೇ. ಕೆರೆ ಅಂಗಳ ಮುಚ್ಚಿದ ಜಾಗ, ಮಣ್ಣು ತುಂಬಿ ಎತ್ತರಿಸಿದ ಜಾಗವಾದರೆ ಲಾಭ ಎದ್ದು ಕಾಣುತ್ತದೆ. ನಿಮ್ಮ ಸೈಟಿನಲ್ಲಿ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಯಾವ ಪದ್ಧತಿಯಲ್ಲಿ ಕಟ್ಟಿದರೂ ಅದು ಬೇಕೇ ಬೇಕು. ಹಳೇ ಮನೆಯ ತಾರಸಿ ಮೇಲೆ ಮಗನಿಗೋ ಮಗಳಿಗೋ ಒಂದು ಮಹಡಿ ಏರಿಸಬೇಕು ಅನ್ನುವ ಬಸವನಗುಡಿ, ಮಲ್ಲೇಶ್ವರದ ಮನೆಗಳಿಗೂ ಇದು ನಿಜವಾದ ವರ. ಆದರೆ ಅದಕ್ಕೂ ಮೊದಲು ಹಳೇ ಕಂಬ, ಪಾಯ ಎಷ್ಟು ತಡೆಯುತ್ತವೆ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು.

ಗೋಡೆಯೂ ತೆಳ್ಳಗಾಗುತ್ತದೆ. ಹೊರಗಿನ ಅಳತೆ 24×32 ಅಡಿ ಇರುವ ಮನೆಯ ಸುತ್ತಳತೆ 112 ಅಡಿ. ಗೋಡೆ ಎರಡರಿಂದ ನಾಲ್ಕು ಇಂಚು ತೆಳುವಾದರೆ ಒಂದು ಮಹಡಿಗೆ ಸುಮಾರು 18ರಿಂದ 35 ಚದರಡಿ ಒಳಗೆ ಸಿಗುತ್ತದೆ. ಒಂದು ಸಣ್ಣ ಯುಟಿಲಿಟಿಯಷ್ಟು ಜಾಗ ಅದು.

ಬಾಳಿಕೆ ಬಗ್ಗೆ ಕೇಳಿದ್ದೀರಿ. ಲೈಟ್ ಗೇಜ್ ಸ್ಟೀಲಿನ ಆಯುಸ್ಸು ನಿಂತಿರುವುದು ಜಿಂಕ್ ಲೇಪನದ ಮೇಲೆ. ಬೆಂಗಳೂರು ಸಮುದ್ರದಿಂದ ದೂರ. ಮಂಗಳೂರಿನ ಉಪ್ಪು ಗಾಳಿ ಇಲ್ಲಿಲ್ಲ. ಒಣಗಿದ ಗೋಡೆಯೊಳಗೆ ಇರುವ ಸ್ಟೀಲಿನ ಬಗ್ಗೆ ನನಗೆ ಯಾವ ಚಿಂತೆಯೂ ಇಲ್ಲ. ಗೆದ್ದಲೂ ಹತ್ತುವುದಿಲ್ಲ. ಒಪ್ಪಂದದಲ್ಲಿ ಚದರ ಮೀಟರಿಗೆ 275 ಗ್ರಾಂ ಜಿಂಕ್ ಅಂತ ಬರೆಸಿ, ಸುರುಳಿಯ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ನನ್ನ ಚಿಂತೆ ಪೂರ್ತಿ ಬಾತ್‌ರೂಮಿನ ಬಗ್ಗೆ. ಗೋಡೆಯ ಬುಡದಲ್ಲಿ ಉದ್ದಕ್ಕೂ ಒಂದು ಸ್ಟೀಲ್ ಪಟ್ಟಿ ಮಲಗಿರುತ್ತದೆ. ಚೌಕಟ್ಟು ನಿಂತಿರುವುದು ಅದರ ಮೇಲೆ. ಅದು ಬಾತ್‌ರೂಮಿನ ನೆಲದ ಮಟ್ಟದಲ್ಲೇ ಇದ್ದರೆ, ಟೈಲ್ಸ್ ಸಂದಿನಿಂದ ಇಳಿದ ನೀರು ಹೋಗಿ ಅಲ್ಲೇ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಬಕೆಟ್, ಚೊಂಬು ಹಿಡಿದು ಸ್ನಾನ. ನೆಲ ದಿನವಿಡೀ ಒದ್ದೆ. ಹೊರದೇಶದ ಒಣ ಬಾತ್‌ರೂಮಿನ ಡ್ರಾಯಿಂಗನ್ನು ಹಾಗೇ ತಂದು ಹಾಕಿದರೆ ಕೆಲವೇ ವರ್ಷದಲ್ಲಿ ಬುಡ ತುಕ್ಕು ಹಿಡಿಯುತ್ತದೆ. ಅದು ಹೊರಗೆ ಕಾಣುವುದೂ ಇಲ್ಲ. ಅದಕ್ಕೇ ಬಾತ್‌ರೂಮಿನ ನಾಲ್ಕೂ ಕಡೆ ಆರಿಂಚು ಎತ್ತರದ ಕಾಂಕ್ರೀಟ್ ಕಟ್ಟೆ ಹಾಕಿಸಿ, ಅದರ ಮೇಲೆ ಚೌಕಟ್ಟು ನಿಲ್ಲಿಸಬೇಕು. ವಾಟರ್‌ಪ್ರೂಫಿಂಗ್ ನೆಲದಿಂದ ಕಟ್ಟೆ ಹತ್ತಿ ಗೋಡೆಯ ಮೇಲೆ ಕನಿಷ್ಠ ಮೂರಡಿ, ಶವರ್ ಕಡೆ ಆರಡಿ ಏರಬೇಕು. ಒಳಗೆ ಜಿಪ್ಸಂ ಬೋರ್ಡ್ ಬೇಡವೇ ಬೇಡ, ಸಿಮೆಂಟ್ ಬೋರ್ಡ್ ಇರಲಿ. ಟೈಲ್ಸ್ ಹಾಕುವ ಮುಂಚೆ ಡ್ರೈನ್ ಮುಚ್ಚಿ, ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಮಹಡಿಯಿಂದ ಚಾವಣಿ ಮುಟ್ಟಿ ನೋಡಿ.

ಇನ್ನೊಂದು ಕೆಲಸವನ್ನು ದಯವಿಟ್ಟು ಮರೆಯದೆ ಮಾಡಿ. ಗೋಡೆಗೆ ಬೋರ್ಡು ಮುಚ್ಚುವ ಮುಂಚೆ ಪ್ರತಿ ಗೋಡೆಯ ಪಕ್ಕ ಟೇಪ್ ಹಿಡಿದು ಫೋಟೋ ತೆಗೆಸಿಡಿ. ನೀರಿನ ಪೈಪ್ ಎಲ್ಲಿ, ವೈರ್ ಎಲ್ಲಿ, ಸ್ಟೀಲ್ ಪಟ್ಟಿ ಎಷ್ಟು ಅಡಿಗೆ ಇದೆ ಅನ್ನುವುದು ಅದರಲ್ಲಿ ಇರುತ್ತದೆ. ಗೀಸರ್, ಟಿವಿ, ಅಡುಗೆಮನೆಯ ಮೇಲಿನ ಕ್ಯಾಬಿನೆಟ್ ಬರುವ ಕಡೆ ಬೋರ್ಡಿನ ಹಿಂದೆ ಪ್ಲೈವುಡ್ ಕೊಡಿಸಿ. ಬರೀ ಬೋರ್ಡಿಗೆ ಸ್ಕ್ರೂ ಹೊಡೆದರೆ ಭಾರ ತಡೆಯುವುದಿಲ್ಲ. 1,000 ಲೀಟರ್ ತಾರಸಿ ಟ್ಯಾಂಕ್ ಅಂದರೆ ನೀರೇ ಒಂದು ಟನ್. ಅದರ ಜಾಗ ಮೊದಲೇ ಎಂಜಿನಿಯರಿಗೆ ಹೇಳಿರಬೇಕು, ಸೋಲಾರ್ ಹೀಟರಿನದೂ ಅಷ್ಟೇ. ಪೈಪ್ ಹೊರಬರುವ ತೂತುಗಳನ್ನು ಸರಿಯಾಗಿ ಮುಚ್ಚಿಸಿ, ಇಲ್ಲದಿದ್ದರೆ ಗೋಡೆಯೊಳಗೆ ಇಲಿ ಸೇರುತ್ತದೆ.

ಮೇಲಿನ ಮಹಡಿಯ ನೆಲಕ್ಕೆ ಬರೀ ಸಿಮೆಂಟ್ ಬೋರ್ಡ್ ಹಾಕಿದರೆ ಮಕ್ಕಳು ಓಡಾಡಿದಾಗ ಕೆಳಗೆ ಧಡ್ ಧಡ್ ಅನ್ನುತ್ತದೆ. ಸ್ಟೀಲ್ ಡೆಕ್ ಶೀಟ್ ಹಾಸಿ ಎರಡರಿಂದ ಮೂರು ಇಂಚು ಕಾಂಕ್ರೀಟ್ ಹಾಕಿಸಿ. ತಾರಸಿಗೂ ಅದೇ ಮಾಡಿಸಿ, ಮೇಲೆ ಬಿಸಿಲು ತಡೆಯುವ ಪದರ ಕೊಡಿಸಿ. ಹಗುರ ಗೋಡೆ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ರಾತ್ರಿ ಹೊತ್ತು ನಮ್ಮೂರಿನ ಹವೆಗೆ ಅದು ಸುಖ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಪಶ್ಚಿಮದ ಗೋಡೆಗೆ ಮಾತ್ರ ದಪ್ಪ ರಾಕ್‌ವೂಲ್ ಬೇಕು. ಥರ್ಮಾಕೋಲ್ ಅಥವಾ ಪಫ್ (ಪ್ಲಾಸ್ಟಿಕ್ ನೊರೆ) ತುಂಬಿದ ಗೋಡೆ ಅಗ್ಗಕ್ಕೆ ಸಿಗುತ್ತದೆ ಅಂತ ಒಪ್ಪಬೇಡಿ. ಅವು ಬೆಂಕಿ ಹಿಡಿಯುವ ವಸ್ತುಗಳು, ರಾಕ್‌ವೂಲ್ ಉರಿಯುವುದಿಲ್ಲ. ಮಲಗುವ ಮನೆಯ ವಿಷಯದಲ್ಲಿ ಇದರಲ್ಲಿ ರಾಜಿ ಇಲ್ಲ.

ಸೈಟಿನಲ್ಲೇ ಕಟ್ಟಿಸಿ ಅಂತ ನಾನು ಹೇಳುವ ಸಂದರ್ಭಗಳೂ ಇವೆ. ಮುಂದೆ ಬಾಡಿಗೆಗೆ ಅಂತ ಇನ್ನೂ ಎರಡು ಮಹಡಿ ಏರಿಸುವ ಆಸೆ ಇದ್ದರೆ ಮತ್ತು ಅದು ಈಗಲೇ ಖಚಿತ ಇಲ್ಲದಿದ್ದರೆ, ಆರ್‌ಸಿಸಿ ಕಂಬವೇ ಸಲೀಸು. ಲೈಟ್ ಗೇಜಿನಲ್ಲಿ ಮುಂದಿನ ಮಹಡಿಯ ಭಾರವನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿದಿರಬೇಕು. ಕಟ್ಟುತ್ತಾ ಕಟ್ಟುತ್ತಾ ಯೋಚನೆ ಬದಲಾಗುವ ಮನೆಗಳಿಗೂ ಇದು ಬೇಡ. ಗೋಡೆ ನಿಂತ ಮೇಲೆ ಅಮ್ಮನಿಗೆ ಕಿಟಕಿ ಆಚೆ ಬೇಕು ಅನ್ನಿಸುವುದು ಸಹಜ. ಮೇಸ್ತ್ರಿ ಒಂದು ದಿನದಲ್ಲಿ ಒಡೆದು ಕಟ್ಟಿಕೊಡುತ್ತಾನೆ. ಫ್ಯಾಕ್ಟರಿಯಲ್ಲಿ ಅದು ಹೊಸ ಡ್ರಾಯಿಂಗ್, ಹೊಸ ಲೆಕ್ಕ, ಹೊಸ ಬಿಲ್ಲು. ರಿಪೇರಿಗೆ ಗಲ್ಲಿಗೊಬ್ಬ ಗಾರೆಯವನು ಸಿಗುತ್ತಾನೆ, ಈ ಗೋಡೆ ಗೊತ್ತಿರುವವರು ಇನ್ನೂ ಕಡಿಮೆ. ಇದೂ ಒಂದು ನಿಜವಾದ ಕೊರತೆ.

ಖರ್ಚಿನ ವಿಷಯದಲ್ಲಿ ಚದರಕ್ಕೆ ಎಷ್ಟು ಅಂತ ಮಾತ್ರ ಕೇಳಿ ಹೋಲಿಸಬೇಡಿ. ಎರಡೂ ಹತ್ತಿರ ಹತ್ತಿರ ಬರುತ್ತವೆ, ಒಳ್ಳೆಯ ಬೋರ್ಡು, ಒಳ್ಳೆಯ ಸ್ಟೀಲ್ ಹಾಕಿದರೆ ಇದೇ ಸ್ವಲ್ಪ ಜಾಸ್ತಿ ಬೀಳುತ್ತದೆ. ಕೊಟೇಶನ್ನಿನಲ್ಲಿ ಪಾಯ, ಸಂಪ್, ಕಾಂಪೌಂಡ್, ಮೆಟ್ಟಿಲು ಸೇರಿದೆಯಾ ಅಂತ ನೋಡಿ. ತೆರಿಗೆಯನ್ನೂ ಗಮನಿಸಿ. ಒಂಟಿ ಮನೆಗೆ ಬರೀ ಲೇಬರ್ ಕಾಂಟ್ರಾಕ್ಟ್ ಕೊಟ್ಟರೆ ಆ ಕೂಲಿಯ ಮೇಲೆ ಜಿಎಸ್‌ಟಿ ಇಲ್ಲ, ಸಾಮಾನಿನ ಮೇಲೆ ಮಾತ್ರ. ಫ್ಯಾಕ್ಟರಿ ಕಂಪನಿಯವರು ಸಾಮಾನು, ಕೂಲಿ ಎರಡೂ ಸೇರಿದ ಬಿಲ್ಲಿಗೆ 18% ಹಾಕುತ್ತಾರೆ. ಅದನ್ನು ಬಿಟ್ಟು ರೇಟ್ ಹೇಳಿದ್ದರೆ ಕೊನೆಯಲ್ಲಿ ದೊಡ್ಡ ಮೊತ್ತ ಬಂದು ಕೂರುತ್ತದೆ.

ಪ್ಲಾನ್ ಮಂಜೂರಾತಿ, ಸುತ್ತ ಬಿಡಬೇಕಾದ ಜಾಗ, ಎತ್ತರದ ನಿಯಮ ಎಲ್ಲ ಈ ಮನೆಗೂ ಒಂದೇ. ಬಿಚ್ಚಿ ಒಯ್ಯಬಹುದು, ಹಾಗಾಗಿ ಅನುಮತಿ ಬೇಡ ಅಂತ ಹೇಳುವವರನ್ನು ನಂಬಬೇಡಿ. ನಿಮ್ಮ ಬಡಾವಣೆ ಪಾಲಿಕೆಗೆ ಸೇರಿದ್ದರೆ ಪಾಲಿಕೆಯಲ್ಲಿ, ಇನ್ನೂ ಬಿಡಿಎ ಕೈಯಲ್ಲಿದ್ದರೆ ಬಿಡಿಎಯಲ್ಲಿ ಅರ್ಜಿ ಹಾಕಬೇಕು. ಸಾಲಕ್ಕೂ ಮಂಜೂರಾದ ಪ್ಲಾನ್, ಖಾತಾ, ಎಂಜಿನಿಯರ್ ಎಸ್ಟಿಮೇಟ್ ಬೇಕು. ಅದರ ಜೊತೆಗೆ ಸ್ಟ್ರಕ್ಚರಲ್ ಡ್ರಾಯಿಂಗ್ ಕೊಡಿ. ಆ ಪದ್ಧತಿಗೆ ಕೇಂದ್ರ ಸರ್ಕಾರದ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಮಂಡಳಿಯಾದ ಬಿಎಂಟಿಪಿಸಿಯ ಪರ್ಫಾರ್ಮೆನ್ಸ್ ಅಪ್ರೈಸಲ್ ಸರ್ಟಿಫಿಕೇಟ್ ಇದ್ದರೆ ಅದನ್ನೂ ಲಗತ್ತಿಸಿ, ಮ್ಯಾನೇಜರಿಗೆ ಒಪ್ಪಲು ಸುಲಭವಾಗುತ್ತದೆ.

ತೊಡಕು ಇರುವುದು ಹಣ ಬಿಡುಗಡೆಯಲ್ಲಿ. ಬ್ಯಾಂಕಿನವರು ಪಾಯ, ಲಿಂಟಲ್, ಮೋಲ್ಡ್ ಅಂತ ಸೈಟಿನಲ್ಲಿ ಕಂಡಷ್ಟಕ್ಕೆ ಹಣ ಬಿಡುತ್ತಾರೆ. ಫ್ಯಾಕ್ಟರಿಯವರು ಚೌಕಟ್ಟು ಸೈಟಿಗೆ ಬರುವ ಮೊದಲೇ ಮುಕ್ಕಾಲು ಪಾಲು ಕೇಳುತ್ತಾರೆ. ಇದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮೂರೂ ಜನ ಕೂತು ಹೊಂದಿಸಿಕೊಳ್ಳಬೇಕು. ನಾನು ಸೂಚಿಸುವುದು ಹೀಗೆ: ಡ್ರಾಯಿಂಗಿಗೆ ಸಹಿ ಆದಾಗ 10%, ಪ್ಲಿಂತ್ ಮುಗಿದಾಗ 20%, ಚೌಕಟ್ಟು ಸೈಟಿನಲ್ಲಿ ಇಳಿದಾಗ 30%, ಬೋರ್ಡು ಮುಚ್ಚಿದಾಗ 20%, ಬಾತ್‌ರೂಮಿನ ನೀರಿನ ಪರೀಕ್ಷೆ ಪಾಸಾಗಿ ಕೀ ಕೈಗೆ ಬಂದಾಗ 15%. ಉಳಿದ 5% ಒಂದು ಮಳೆಗಾಲ ಕಳೆದು, ಎಲ್ಲೂ ಸೋರಿಲ್ಲ ಅಂತ ನೋಡಿದ ಮೇಲೆ. ಕೊನೆಯ ಈ ಷರತ್ತಿಗೆ ಒಪ್ಪದ ಕಂಪನಿಯಾದರೆ ಬೇರೆಯವರನ್ನು ನೋಡಿ.